ಗಲ್ಲಾದ ಮುಂದಿನ ಚೌಕ: ಕ್ಯೂಆರ್ ಕೋಡ್ ಬಗ್ಗೆ ವ್ಯಾಪಾರಿಗೆ ಗೊತ್ತಿರಬೇಕಾದದ್ದು

ದಕ್ಕೆಯಲ್ಲಿ ಮೀನು ಕೊಳ್ಳುವವರಿರಲಿ, ಸ್ಟೇಟ್‌ಬ್ಯಾಂಕ್ ಹತ್ತಿರ ಎಳನೀರು ಕುಡಿಯುವವರಿರಲಿ, ಕಿಸೆಗೆ ಕೈ ಹಾಕುವ ಮೊದಲು ಕೇಳುವ ಮಾತು ಈಗ ಒಂದೇ: ‘‘ಸ್ಕ್ಯಾನರ್ ಉಂಟಾ?’’ ಗಲ್ಲಾದ ಮುಂದೆ ನಿಂತ ಕಪ್ಪು-ಬಿಳಿ ಚೌಕಕ್ಕೆ ನಮ್ಮ ಊರಲ್ಲಿ ಬಿದ್ದ ಹೆಸರೇ ಸ್ಕ್ಯಾನರ್. ನಿಜ ಹೇಳುವುದಾದರೆ ಸ್ಕ್ಯಾನರ್ ಇರುವುದು ಗಿರಾಕಿಯ ಕೈಯಲ್ಲಿ, ಅವರ ಫೋನಿನಲ್ಲಿ. ಅಂಗಡಿಯಲ್ಲಿರುವುದು ಒಂದು ಬರಹ ಅಷ್ಟೇ. ಕಣ್ಣಿಗೆ ಓದಲಿಕ್ಕಾಗದ, ಆದರೆ ಫೋನಿಗೆ ಓದಲಿಕ್ಕಾಗುವ ಬರಹ.

ಹೆಸರು ಏನಾದರೇನು, ಹಣ ಬಂದರೆ ಸಾಕಲ್ಲ ಎನ್ನಬಹುದು. ಆದರೆ ಬರಹ ಎಂದ ಮೇಲೆ ಅದನ್ನು ಯಾರು ಬರೆದರು, ಎಂತ ಬರೆದರು ಎಂಬ ಪ್ರಶ್ನೆ ಇದ್ದೇ ಇದೆ. ಹಣ ಯಾರ ಖಾತೆಗೆ ಹೋಗುತ್ತದೆ, ಗಿರಾಕಿ ಯಾವ ಪುಟಕ್ಕೆ ಹೋಗುತ್ತಾನೆ, ಅವನ ಬಗ್ಗೆ ಯಾರಿಗೆ ಎಷ್ಟು ಗೊತ್ತಾಗುತ್ತದೆ ಎಂಬುದೆಲ್ಲ ಆ ಬರಹದ ಮೇಲೆ ನಿಂತಿದೆ. ವ್ಯಾಪಾರವೇ ಬದುಕಾದ ಸಮುದಾಯ ನಮ್ಮದು. ಬ್ಯಾರಿ ಎಂಬ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತೆಂದು ಹೇಳುವವರಿದ್ದಾರೆ. ತಕ್ಕಡಿ ಹಿಡಿಯುವವನಿಗೆ ತಕ್ಕಡಿಯ ಗುಣ ಗೊತ್ತಿರಬೇಕು. ಹಾಗೆಯೇ ಈ ಚೌಕದ್ದೂ.

ಕಾರ್ಖಾನೆಯಿಂದ ಬಂದದ್ದು

ಚೌಕಕ್ಕೆ ಮೊದಲು ಗೆರೆಗಳು ಬಂದವು. ಸೋಪು, ಬಿಸ್ಕೆಟ್ ಪ್ಯಾಕೆಟಿನ ಹಿಂದೆ ಇರುವ ಬಾರ್‌ಕೋಡ್ ಅಂಗಡಿಯ ಯಂತ್ರದಲ್ಲಿ ಮೊದಲ ಬಾರಿ ಓದಲ್ಪಟ್ಟದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟಿನಲ್ಲಿ. ಆ ದಿನ ಮಾರಾಟವಾದದ್ದು ಒಂದು ಪೊಟ್ಟಣ ಚೂಯಿಂಗ್ ಗಮ್. ಗೆರೆಗಳ ಕೋಡಿನಲ್ಲಿ ಮಾಹಿತಿ ಇರುವುದು ಎಡದಿಂದ ಬಲಕ್ಕೆ ಮಾತ್ರ. ಗೆರೆ ಉದ್ದವಿದ್ದರೂ ಗಿಡ್ಡವಿದ್ದರೂ ಅದು ಹೇಳುವ ಸಂಖ್ಯೆ ಒಂದೇ. ಹಾಗಾಗಿ ಹಿಡಿಸುವುದು ಕಡಿಮೆ.

ಜಪಾನಿನ ವಾಹನ ಬಿಡಿಭಾಗಗಳ ಕಂಪೆನಿ ಡೆನ್ಸೊಗೆ ಇದೇ ತಲೆನೋವಾಯಿತು. ಒಂದೊಂದು ಪೆಟ್ಟಿಗೆಗೂ ಹಲವು ಬಾರ್‌ಕೋಡ್, ಕೆಲಸಗಾರರು ದಿನವಿಡೀ ಒಂದರ ಮೇಲೊಂದು ಓದಿಸುತ್ತಾ ಕೂರಬೇಕು. ಅಲ್ಲಿನ ಎಂಜಿನಿಯರ್ ಮಸಾಹಿರೊ ಹಾರಾ ಮತ್ತು ಅವರ ಸಣ್ಣ ತಂಡ 1994ರಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡಿತು. ‘ಗೋ’ ಎಂಬ ಆಟದ ಮಣೆಯ ಮೇಲಿನ ಕಪ್ಪು-ಬಿಳಿ ಕಾಯಿಗಳನ್ನು ನೋಡಿದಾಗ ಹಾರಾ ಅವರಿಗೆ ದಾರಿ ಹೊಳೆಯಿತಂತೆ. ಮಾಹಿತಿಯನ್ನು ಅಡ್ಡಕ್ಕೆ ಮಾತ್ರ ಅಲ್ಲ, ಅಡ್ಡಕ್ಕೂ ಉದ್ದಕ್ಕೂ ಬರೆದರೆ? ಹಾಗೆ ಹುಟ್ಟಿದ್ದೇ ಕ್ಯೂಆರ್, ಅಂದರೆ ‘ಕ್ವಿಕ್ ರೆಸ್ಪಾನ್ಸ್’. ಕೂಡಲೇ ಉತ್ತರ ಕೊಡುವಂಥದ್ದು.

ಕಂಪೆನಿ ಇದಕ್ಕೆ ಪೇಟೆಂಟ್ ಪಡೆದರೂ, ಪ್ರಮಾಣಿತ ರೀತಿಯಲ್ಲಿ ಬಳಸುವ ಯಾರಿಂದಲೂ ಹಣ ಕೇಳುವುದಿಲ್ಲ ಎಂದಿತು. 2000ದಲ್ಲಿ ಅಂತರ್‌ರಾಷ್ಟ್ರೀಯ ಮಾನಕವೂ ಆಯಿತು. ಕಾರಿನ ಬಿಡಿಭಾಗ ಹುಡುಕಲು ಹುಟ್ಟಿದ ಚೌಕ ಇವತ್ತು ಕಲ್ಲಡ್ಕದ ಚಾ ಹೊಟೇಲಿಗೂ ಬಂದು ಮುಟ್ಟಿದ್ದರೆ ಅದಕ್ಕೆ ಈ ಉದಾರತೆಯೇ ದೊಡ್ಡ ಕಾರಣ.

ಚೌಕದ ಒಳಗೆ ಎಂತ ಉಂಟು?

ಒಂದು ಕ್ಯೂಆರ್ ಕೋಡನ್ನು ಹತ್ತಿರದಿಂದ ನೋಡಿ. ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆ, ನಾಲ್ಕನೆಯ ಮೂಲೆಯಲ್ಲಿ ಇಲ್ಲ. ಫೋನಿನ ಕ್ಯಾಮರಾ ಮೊದಲು ಹುಡುಕುವುದು ಆ ಮೂರನ್ನು. ಅವುಗಳ ನಡುವಿನಿಂದ ಯಾವ ದಿಕ್ಕಿಗೆ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಭಾಗಗಳ ಅಗಲ 1:1:3:1:1 ಪ್ರಮಾಣದಲ್ಲೇ ಸಿಗುತ್ತದೆ. ಮುದ್ರಿತ ಕಾಗದಗಳಲ್ಲಿ ಎಲ್ಲಕ್ಕಿಂತ ಅಪರೂಪವಾಗಿ ಕಾಣುವ ಪ್ರಮಾಣ ಯಾವುದೆಂದು ಪತ್ರಿಕೆ, ಕರಪತ್ರ, ರಟ್ಟಿನ ಪೆಟ್ಟಿಗೆಗಳನ್ನೆಲ್ಲ ತಡಕಾಡಿ ಹಾರಾ ತಂಡ ಇದನ್ನು ಆರಿಸಿತು. ಸುತ್ತಮುತ್ತ ಎಷ್ಟೇ ಚಿತ್ರ, ಅಕ್ಷರ ಇರಲಿ, ಫೋನಿಗೆ ಗೊಂದಲ ಆಗಬಾರದಲ್ಲ. ಮೂರು ಮೂಲೆ ಸಿಕ್ಕಿದರೆ ಕೋಡ್ ಓರೆಯಾಗಿದೆಯೋ ತಲೆಕೆಳಗಾಗಿದೆಯೋ ಎಂದು ಫೋನೇ ಲೆಕ್ಕ ಹಾಕುತ್ತದೆ. ಸ್ಟಿಕ್ಕರ್ ಅಡ್ಡಾದಿಡ್ಡಿ ಅಂಟಿಸಿದರೂ ಹಣ ಬರುವುದು ಈ ಕಾರಣಕ್ಕೆ.

ಉಳಿದ ಸಣ್ಣ ಚುಕ್ಕೆಗಳೇ ನಿಜವಾದ ಬರಹ. ಕಪ್ಪು ಎಂದರೆ 1, ಬಿಳಿ ಎಂದರೆ 0. ಬಲಗಡೆಯ ಕೆಳಮೂಲೆಯಿಂದ ಶುರುವಾಗಿ, ಎರಡೆರಡು ಸಾಲಿನ ಪಟ್ಟಿಯಲ್ಲಿ ಮೇಲೆ ಹೋಗಿ, ಕೆಳಗೆ ಇಳಿದು, ಮತ್ತೆ ಮೇಲೆ ಹತ್ತುತ್ತಾ ಬರಹ ಸಾಗುತ್ತದೆ. ಒಂದೇ ಬಣ್ಣ ಒಂದೇ ಕಡೆ ರಾಶಿ ಬಿದ್ದರೆ ಕ್ಯಾಮರಾಗೆ ಓದಲು ಕಷ್ಟ. ಅದಕ್ಕಾಗಿ 8 ಬಗೆಯ ವಿನ್ಯಾಸಗಳಲ್ಲಿ ಯಾವುದು ಚೆನ್ನಾಗಿ ಹೊಂದುತ್ತದೋ ಅದರ ಪ್ರಕಾರ ಕೆಲವು ಚುಕ್ಕೆಗಳ ಬಣ್ಣ ಅದಲು ಬದಲು ಮಾಡಿ, ಯಾವ ವಿನ್ಯಾಸ ಬಳಸಿದ್ದೇವೆಂದು ಕೋಡಿನಲ್ಲೇ ಗುರುತು ಹಾಕಲಾಗುತ್ತದೆ.

ಅತಿ ಸಣ್ಣ ಕೋಡ್ 21 ಅಡ್ಡಸಾಲು, 21 ಉದ್ದಸಾಲಿನದ್ದು. ಅತಿ ದೊಡ್ಡದು 177 ಸಾಲುಗಳದ್ದು. ಅದರಲ್ಲಿ ಬರೀ ಅಂಕಿಗಳನ್ನಾದರೆ 7,089ರ ತನಕ ತುಂಬಿಸಬಹುದು. ಬರಹ ಉದ್ದವಾದಷ್ಟೂ ಚುಕ್ಕೆ ಹೆಚ್ಚು, ಚುಕ್ಕೆ ಹೆಚ್ಚಾದಷ್ಟೂ ಅವು ಸಣ್ಣ. ಮುದ್ರಣ ಮಾಡಿಸುವವರು ಈ ಮಾತು ನೆನಪಿಡಬೇಕು.

ಎಲ್ಲಕ್ಕಿಂತ ಸೋಜಿಗದ ಗುಣ ಬೇರೆ ಉಂಟು. ಮೀನಿನ ನೀರು ಹಾರಿ, ಬಿಸಿಲಿಗೆ ಬಾಡಿ, ಒಂದು ತುದಿ ಹರಿದರೂ ಕೋಡ್ ಕೆಲಸ ಮಾಡುತ್ತದೆ. ಹೇಗೆ? ಲೆಕ್ಕದ ಪುಸ್ತಕವನ್ನೇ ನೆನಪಿಸಿಕೊಳ್ಳಿ. 12, 7, 9 ಎಂದು ಬರೆದು ಕೆಳಗೆ ಮೊತ್ತ 28 ಎಂದು ಹಾಕಿದ್ದೀರಿ. ನಡುವಿನ 7ರ ಮೇಲೆ ಚಾ ಚೆಲ್ಲಿ ಅಳಿಸಿ ಹೋಯಿತು. ಮೊತ್ತ ಇರುವುದರಿಂದ ಕಳೆದುಹೋದದ್ದು 7 ಎಂದು ಕಂಡುಹಿಡಿಯಬಹುದು. ಇದೇ ತತ್ವದ ಬಹಳ ಬಲಶಾಲಿ ರೂಪವನ್ನು 1960ರಲ್ಲಿ ರೀಡ್ ಮತ್ತು ಸೊಲೊಮನ್ ಎಂಬ ಇಬ್ಬರು ಗಣಿತಜ್ಞರು ಕೊಟ್ಟರು. ಗೀರು ಬಿದ್ದ ಸಿ.ಡಿ. ಹಾಡುತ್ತಿದ್ದದ್ದೂ ಅದರಿಂದಲೇ. ಕ್ಯೂಆರ್ ಕೋಡಿನಲ್ಲಿ ಈ ರಕ್ಷಣೆಗೆ ನಾಲ್ಕು ಮಟ್ಟಗಳಿವೆ: ಸುಮಾರು ಶೇ. 7, 15, 25 ಮತ್ತು 30ರಷ್ಟು ಹಾಳಾದರೂ ಓದಬಹುದು. ಕೋಡಿನ ನಡುವೆ ಕಂಪೆನಿಯ ಲಾಂಛನ ಕೂರಿಸುವುದು ಈ ಧೈರ್ಯದಲ್ಲಿಯೇ.

ಹಣದ ಕೋಡಿನಲ್ಲಿ ಹಣ ಇಲ್ಲ

ಯುಪಿಐ 2016ರಲ್ಲಿ ಬಂತು. ಅಂಗಡಿಯ ಯುಪಿಐ ಕೋಡ್ ಬಿಡಿಸಿ ಓದಿದರೆ ಸಿಗುವುದು ಒಂದೇ ಒಂದು ಸಾಲು: ಹಣ ಪಾವತಿಸಿ ಎಂಬ ಸೂಚನೆ, ಪಡೆಯುವವರ ಯುಪಿಐ ವಿಳಾಸ, ಹೆಸರು, ಕೆಲವೊಮ್ಮೆ ಮೊತ್ತ. ಅಷ್ಟೇ. ಬ್ಯಾಂಕಿನ ಗುಟ್ಟು ಏನೂ ಇಲ್ಲ. ಹಣ ಬಂತೋ ಇಲ್ಲವೋ ಎಂದು ಆ ಸ್ಟಿಕ್ಕರಿಗೆ ಗೊತ್ತಾಗುವುದೂ ಇಲ್ಲ.

‘‘ಹಾಕಿದ್ದೇನೆ ಕಾಕಾ, ನೋಡಿ’’ ಎಂದು ಫೋನ್ ತೋರಿಸಿ ಹೊರಡುವ ಗಿರಾಕಿಯ ಪರದೆ ಸಾಕ್ಷಿಯಲ್ಲ. ನಕಲಿ ಪಾವತಿ ಪರದೆ ತೋರಿಸುವ ಆ್ಯಪ್‌ಗಳೂ ಇವೆ. ಸಾಕ್ಷಿ ಏನಿದ್ದರೂ ನಿಮ್ಮ ಫೋನಿಗೆ ಬರುವ ಸಂದೇಶ ಅಥವಾ ಕೂಗಿ ಹೇಳುವ ಸೌಂಡ್ ಬಾಕ್ಸ್. ಅದರೊಳಗೆ ಸಿಮ್ ಇರುತ್ತದೆ, ಪಾವತಿ ಕಂಪೆನಿಯ ಸರ್ವರಿನಿಂದ ಸುದ್ದಿ ಬಂದ ಮೇಲಷ್ಟೇ ಅದು ಬಾಯಿ ಬಿಡುತ್ತದೆ.

ಜಾಹೀರಾತಿನ ಬಾಗಿಲು

ಚೌಕ ಮೊದಲು ಜಾಹೀರಾತಿಗೆ ಬಂದಾಗ ಹೆಚ್ಚಿನವರು ಅದನ್ನು ತಿರುಗಿಯೂ ನೋಡಲಿಲ್ಲ. ಓದಲು ಬೇರೆ ಆ್ಯಪ್ ಹಾಕಬೇಕಿತ್ತು, ಅಷ್ಟು ಪುರುಸೊತ್ತು ಯಾರಿಗೆ? 2017ರಲ್ಲಿ ಐಫೋನಿನ ಕ್ಯಾಮರಾ ತಾನಾಗಿ ಕೋಡ್ ಓದತೊಡಗಿತು, ಆಂಡ್ರಾಯ್ಡ್ ಫೋನುಗಳಿಗೂ ಅದು ಬಂತು. ಕೊರೋನ ಕಾಲದಲ್ಲಿ ಹೊಟೇಲಿನ ಮೆನು ಕೋಡಿಗೆ ಇಳಿಯಿತು. ನಮ್ಮಲ್ಲಂತೂ ಯುಪಿಐ ಎಲ್ಲರಿಗೂ ಸ್ಕ್ಯಾನ್ ಮಾಡುವ ರೂಢಿ ಹಿಡಿಸಿಬಿಟ್ಟಿತು.

ಜಗತ್ತಿನಲ್ಲಿ ಇದನ್ನು ಜಾಣತನದಿಂದ ಬಳಸಿದ ಕತೆಗಳು ಕೆಲವಿವೆ. ದಕ್ಷಿಣ ಕೊರಿಯದ ಹೋಮ್‌ಪ್ಲಸ್ ಎಂಬ ಅಂಗಡಿ ಸರಣಿ 2011ರಲ್ಲಿ ಸಿಯೋಲ್ ಮೆಟ್ರೊ ನಿಲ್ದಾಣದ ಗೋಡೆಗೆ ತನ್ನ ಅಂಗಡಿಯ ಕಪಾಟುಗಳ ನಿಜ ಗಾತ್ರದ ಚಿತ್ರ ಅಂಟಿಸಿತು. ಪ್ರತೀ ಸಾಮಾನಿನ ಕೆಳಗೆ ಒಂದು ಕೋಡ್. ರೈಲು ಕಾಯುವವರು ಬೇಕಾದದ್ದನ್ನು ಸ್ಕ್ಯಾನ್ ಮಾಡಿದರೆ ಸಾಮಾನು ಮನೆಗೆ. ಮರುವರ್ಷ ಅದೇ ದೇಶದ ಇ-ಮಾರ್ಟ್ ಮಧ್ಯಾಹ್ನದ ಹೊತ್ತಿನಲ್ಲಿ ವ್ಯಾಪಾರ ಮಂದ ಎಂದು ಕಂಡು, ಬಿಸಿಲಿನ ನೆರಳು ಬಿದ್ದಾಗ ಮಾತ್ರ ಕೋಡ್ ಮೂಡುವಂಥ ಫಲಕಗಳನ್ನು ಹೊರಗೆ ನಿಲ್ಲಿಸಿತು. ಹನ್ನೆರಡರಿಂದ ಒಂದು ಗಂಟೆಯೊಳಗೆ ಮಾತ್ರ ಅದು ಓದಲು ಸಿಗುತ್ತದೆ, ಓದಿದವರಿಗೆ ರಿಯಾಯಿತಿ ಕೂಪನ್.

2022ರ ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ ಕಾಯಿನ್‌ಬೇಸ್ ಕಂಪೆನಿ ಒಂದು ನಿಮಿಷದ ಜಾಹೀರಾತು ಕೊಟ್ಟಿತು. ಮಾತಿಲ್ಲ, ಮುಖವಿಲ್ಲ; ಕಪ್ಪು ಪರದೆಯಲ್ಲಿ ಬಣ್ಣ ಬದಲಿಸುತ್ತಾ ಅಲೆಯುವ ಒಂದು ಕ್ಯೂಆರ್ ಕೋಡ್. ಕುತೂಹಲಕ್ಕೆ ಜನ ಮುಗಿಬಿದ್ದು ಸ್ಕ್ಯಾನ್ ಮಾಡಿದರು. ಆ ಭರಾಟೆಗೆ ಕಂಪೆನಿಯ ತಾಣವೇ ಸ್ವಲ್ಪ ಹೊತ್ತು ನೆಲ ಕಚ್ಚಿತು. ಗಿರಾಕಿಯನ್ನು ಕರೆದು ಬಾಗಿಲು ತೆರೆಯದಿದ್ದರೆ ಹೇಗೋ ಹಾಗೆ ಆಯಿತು ಅದು.

ಮೂರರಲ್ಲೂ ಕಲಿಯಲಿಕ್ಕುಂಟು. ಕಾಯುವ ಹೊತ್ತಿರುವ ಕಡೆ ಕೋಡ್ ಇರಬೇಕು. ಸ್ಕ್ಯಾನ್ ಮಾಡಿದವನಿಗೆ ಏನಾದರೂ ಸಿಗಬೇಕು. ಕೋಡಿನ ಆಚೆಗಿರುವ ಪುಟ ಗಟ್ಟಿ ಇರಬೇಕು.

ಎರಡು ಬಗೆ, ಒಂದು ಎಚ್ಚರಿಕೆ

ಕೋಡ್ ಮಾಡಿಸುವಾಗ ‘ಸ್ಟಾಟಿಕ್’, ‘ಡೈನಾಮಿಕ್’ ಎಂಬ ಎರಡು ಮಾತು ಕೇಳಿಬರುತ್ತವೆ. ಸ್ಟಾಟಿಕ್ ಕೋಡಿನಲ್ಲಿ ವಿಳಾಸ ನೇರವಾಗಿ ಬರೆದಿರುತ್ತದೆ. ಮುದ್ರಿಸಿದ ಮೇಲೆ ಬದಲಿಸಲಾಗದು, ಆದರೆ ಯಾರ ಹಂಗೂ ಇಲ್ಲ. ಡೈನಾಮಿಕ್ ಕೋಡಿನಲ್ಲಿ ಇರುವುದು ಮಧ್ಯವರ್ತಿ ಕಂಪೆನಿಯ ಒಂದು ಸಣ್ಣ ಲಿಂಕ್. ಸ್ಕ್ಯಾನ್ ಮಾಡಿದ ಫೋನ್ ಮೊದಲು ಅಲ್ಲಿಗೆ ಹೋಗುತ್ತದೆ. ಆ ಸರ್ವರ್ ಸಮಯ, ಫೋನಿನ ಬಗೆ, ಅಂದಾಜು ಊರು ಬರೆದಿಟ್ಟುಕೊಂಡು ನಿಮ್ಮ ಪುಟಕ್ಕೆ ಕಳಿಸುತ್ತದೆ. ಬರೀ ಸ್ಕ್ಯಾನ್ ಮಾಡಿದ್ದಕ್ಕೆ ಗಿರಾಕಿಯ ಹೆಸರು, ನಂಬರ್ ಸಿಗುವುದಿಲ್ಲ. ಪುಟದಲ್ಲಿ ಅವರೇ ಬರೆದುಕೊಟ್ಟರೆ ಮಾತ್ರ ಸಿಗುತ್ತದೆ.

ಮಾರ್ಕೆಟಿಂಗ್‌ನವರಿಗೆ ಇದು ಇಷ್ಟವಾಗಲು ಕಾರಣ ಎಣಿಕೆ. ರಮಝಾನ್ ಸಮಯದಲ್ಲಿ ಬಟ್ಟೆ ಅಂಗಡಿಯೊಂದು ಪತ್ರಿಕೆಯಲ್ಲಿ ಒಂದು ಕೋಡ್, ಬಸ್ಸು ನಿಲ್ದಾಣದ ಫ್ಲೆಕ್ಸಿನಲ್ಲಿ ಒಂದು, ಕರಪತ್ರದಲ್ಲಿ ಇನ್ನೊಂದು ಹಾಕಿತು ಎಂದಿಟ್ಟುಕೊಳ್ಳಿ. ಮೂರೂ ಬೇರೆ ಬೇರೆ ಲಿಂಕ್. ಹಬ್ಬ ಕಳೆದ ಮೇಲೆ ಯಾವುದರಿಂದ ಎಷ್ಟು ಜನ ಬಂದರೆಂದು ಲೆಕ್ಕ ಕೈಯಲ್ಲಿರುತ್ತದೆ. ಮುಂದಿನ ವರ್ಷ ಫ್ಲೆಕ್ಸಿಗೆ ಸುರಿಯುವ ಹಣ ಉಳಿಸಬೇಕೋ ಬೇಡವೋ ಎಂದು ಊಹೆ ಮಾಡುವ ಅಗತ್ಯವಿಲ್ಲ.

ಎಚ್ಚರಿಕೆ ಎಲ್ಲಿ? ‘ಉಚಿತ’ ಎಂದು ಡೈನಾಮಿಕ್ ಕೋಡ್ ಮಾಡಿಕೊಡುವ ಹಲವು ತಾಣಗಳಲ್ಲಿ ಕೆಲವು ದಿನಗಳ ನಂತರ ಚಂದಾ ಕಟ್ಟದಿದ್ದರೆ ಕೋಡ್ ನಿಂತುಹೋಗುತ್ತದೆ. ಸಾವಿರ ಕವರ್, ಸಾವಿರ ಕಾರ್ಡ್ ಮುದ್ರಿಸಿದ ಮೇಲೆ ಹೀಗಾದರೆ ಎಲ್ಲ ರದ್ದಿ. ಮದುವೆ ಕಾಗದದಲ್ಲಿ ಹಾಲ್‌ನ ಮ್ಯಾಪ್ ಹಾಕಲು, ವಿಸಿಟಿಂಗ್ ಕಾರ್ಡಿನಲ್ಲಿ ವಾಟ್ಸ್‌ಆ್ಯಪ್ ಕೊಡಲು ಸ್ಟಾಟಿಕ್ ಧಾರಾಳ ಸಾಕು. ಅದಕ್ಕೆ ಹಣವೂ ಬೇಡ, ಅವಧಿಯೂ ಇಲ್ಲ.

ಮುದ್ರಿಸುವ ಮೊದಲು

ಓದುವ ದೂರದ ಹತ್ತರಲ್ಲೊಂದು ಪಾಲಾದರೂ ಕೋಡಿನ ಅಗಲ ಇರಲಿ ಎಂಬುದು ಮುದ್ರಣದವರ ಸಾಮಾನ್ಯ ಲೆಕ್ಕ. ಮೂರು ಮೀಟರ್ ದೂರದಿಂದ ಓದಬೇಕಾದರೆ 30 ಸೆಂಟಿಮೀಟರ್. ಕಾರ್ಡಿನಲ್ಲಿ 2 ಸೆಂಟಿಮೀಟರಿಗಿಂತ ಸಣ್ಣದು ಬೇಡ. ಸುತ್ತ ನಾಲ್ಕು ಚುಕ್ಕೆಯಷ್ಟಾದರೂ ಖಾಲಿ ಅಂಚು ಬಿಡಬೇಕು. ಬಿಳಿಯ ಮೇಲೆ ಕಪ್ಪೇ ಒಳ್ಳೆಯದು, ಹಳದಿಯ ಮೇಲೆ ಬಿಳಿ ಹಾಕಿದರೆ ಚಂದ ಕಂಡೀತು, ಫೋನಿಗೆ ಕಾಣಲಿಕ್ಕಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಫ್ಲೆಕ್ಸಿನಲ್ಲಿ ಕೋಡ್ ಹಾಕಿ ಏನು ಉಪಯೋಗ ಮಾರಾಯ್ರೆ? ಗಾಡಿ ಓಡಿಸುವವನು ಸ್ಕ್ಯಾನ್ ಮಾಡಲಿಕ್ಕುಂಟಾ? ಮಾಡಲೂಬಾರದು.

ಕೋಡಿನ ಪಕ್ಕ ಒಂದು ಸಾಲು ಕನ್ನಡದಲ್ಲಿ ಬರೆಯಿರಿ: ‘ಇಂದಿನ ದರಪಟ್ಟಿಗೆ’, ‘ಆರ್ಡರ್ ಮಾಡಲು’, ‘ದಾರಿ ನೋಡಲು’. ಎಂತಕ್ಕೆ ಎಂದು ಗೊತ್ತಿಲ್ಲದ ಕೋಡನ್ನು ಜನ ಮುಟ್ಟುವುದಿಲ್ಲ. ಮುದ್ರಣಕ್ಕೆ ಕೊಡುವ ಮೊದಲು ಎರಡು ಮೂರು ಬಗೆಯ ಫೋನುಗಳಲ್ಲಿ ಪರೀಕ್ಷಿಸಿ.

ಮನೆಯಲ್ಲೇ ಪತ್ತಿರ್, ಬಿರಿಯಾನಿ ಮಾಡಿ ಮಾರುವ ಸಹೋದರಿಯರು ಇನ್ನೊಂದು ಸಂಗತಿ ಗಮನಿಸಬೇಕು. ವೈಯಕ್ತಿಕ ಯುಪಿಐ ವಿಳಾಸ ಹೆಚ್ಚಾಗಿ ಮೊಬೈಲ್ ನಂಬರೇ ಆಗಿರುತ್ತದೆ. ಅದರ ಕೋಡ್ ಡಬ್ಬಿಗೆ ಅಂಟಿಸಿದರೆ ನಂಬರ್ ಊರಿಗೆಲ್ಲ ಹೋಯಿತು. ನಂಬರ್ ಇಲ್ಲದ ಬೇರೆ ಯುಪಿಐ ವಿಳಾಸ ಮಾಡಿಕೊಳ್ಳಲು ಆ್ಯಪಿನಲ್ಲೇ ಅವಕಾಶ ಉಂಟು, ಇಲ್ಲವಾದರೆ ವ್ಯಾಪಾರಿ ಖಾತೆಯ ಕೋಡ್ ಪಡೆಯಬಹುದು.

ಬಿಲ್ಲಿನಲ್ಲೂ, ಮದ್ದಿನಲ್ಲೂ

ಸೌದಿಯಲ್ಲಿ ಬಕಾಲ, ಹೊಟೇಲು ನಡೆಸುವ ನಮ್ಮವರಿಗೆ ಇದು ಹೊಸತಲ್ಲ. ಅಲ್ಲಿ 2021ರ ಡಿಸೆಂಬರ್ 4ರಿಂದ ಇ-ಬಿಲ್ಲು ಕಡ್ಡಾಯವಾಯಿತು. ಗಿರಾಕಿಗೆ ಕೊಡುವ ಬಿಲ್ಲಿನ ಕೋಡಿನಲ್ಲಿ ಮಾರಿದವರ ಹೆಸರು, ವ್ಯಾಟ್ ನಂಬರ್, ಸಮಯ, ಒಟ್ಟು ಮೊತ್ತ, ತೆರಿಗೆ ಇವಿಷ್ಟು ಇರಲೇಬೇಕು. ಮಾಮೂಲಿ ಕ್ಯಾಮರಾದಲ್ಲಿ ನೋಡಿದರೆ ಅರ್ಥವಿಲ್ಲದ ಅಕ್ಷರಗಳಂತೆ ಕಾಣುತ್ತದೆ, ತೆರಿಗೆ ಪ್ರಾಧಿಕಾರದ ಆ್ಯಪ್ ಅದನ್ನು ಬಿಡಿಸಿ ತೋರಿಸುತ್ತದೆ. ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ತಯಾರಕರು ಯಾರು, ಬ್ಯಾಚ್ ಯಾವುದು, ಅವಧಿ ಎಂದು ಮುಗಿಯುತ್ತದೆ ಎಂದು ಅದರಿಂದ ತಾಳೆ ನೋಡಬಹುದು.

ಲೆಕ್ಕ ಉಳಿಯುತ್ತದೆ

ನಗದಿಗೆ ನೆನಪಿಲ್ಲ, ಕೋಡಿಗೆ ಉಂಟು. ಇದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಬಿಸಿ ಮುಟ್ಟಿಸಿದ್ದು 2025ರ ಜುಲೈಯಲ್ಲಿ. ಯುಪಿಐ ಮೂಲಕ ವರ್ಷಕ್ಕೆ ಮಿತಿಗಿಂತ ಹೆಚ್ಚು ಹಣ ಬಂದ ಸಾವಿರಾರು ಬೇಕರಿ, ಚಾ ಅಂಗಡಿ, ತರಕಾರಿ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ದೊಡ್ಡ ಸುದ್ದಿಯಾಯಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳವರು ಕೋಡ್ ಕಿತ್ತು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು.

ಕೋಡ್ ಕಿತ್ತರೆ ತೆರಿಗೆ ಹೋಗುವುದಿಲ್ಲ, ಗಿರಾಕಿ ಹೋಗುತ್ತಾನೆ. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು. ನಗದಾದರೂ ಯುಪಿಐ ಆದರೂ ಮಿತಿ ಒಂದೇ. ಹಸಿ ಮೀನು, ತರಕಾರಿಯಂಥ ತೆರಿಗೆ ಇಲ್ಲದ ಸಾಮಾನನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ, ಆದರೆ ಮಾರಿದ್ದು ಅದನ್ನೇ ಎಂದು ತೋರಿಸಲು ಖರೀದಿಯ ಚೀಟಿ ಕೈಯಲ್ಲಿರಬೇಕು. ಮನೆಯವರ ಸಾಲ, ಗಲ್ಫಿನಿಂದ ಬಂದ ಹಣ, ಅಂಗಡಿಯ ವ್ಯಾಪಾರ ಎಲ್ಲವೂ ಒಂದೇ ಖಾತೆಗೆ ಬಂದರೆ ಬೇರ್ಪಡಿಸಿ ಹೇಳುವುದು ಕಷ್ಟ. ಅಂಗಡಿಗೆ ಬೇರೆ ಖಾತೆ, ಬೇರೆ ಕೋಡ್ ಮಾಡಿಸುವುದೇ ಕ್ಷೇಮ. ಅದೇ ಲೆಕ್ಕ ನಾಳೆ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ನಿಮ್ಮ ಪರವಾಗಿಯೂ ಮಾತಾಡುತ್ತದೆ.

ಸ್ಟಿಕ್ಕರಿನ ಮೇಲೊಂದು ಸ್ಟಿಕ್ಕರ್

ಮನುಷ್ಯರ ಕಣ್ಣಿಗೆ ಎಲ್ಲ ಕೋಡೂ ಒಂದೇ ಥರ ಕಾಣುತ್ತದೆ. ಮೋಸದ ಬೇರು ಇರುವುದು ಇಲ್ಲಿ. 2023ರ ರಮಝಾನ್ ತಿಂಗಳಲ್ಲಿ ಇಂಡೋನೇಶ್ಯದ ಜಕಾರ್ತದಲ್ಲಿ ಒಬ್ಬ ವ್ಯಕ್ತಿ ಹಲವು ಮಸೀದಿಗಳ ದೇಣಿಗೆ ಕೋಡಿನ ಜಾಗದಲ್ಲಿ ‘ಮಸೀದಿ ಜೀರ್ಣೋದ್ಧಾರ’ ಎಂಬ ಹೆಸರಿನ ತನ್ನ ಕೋಡ್ ಅಂಟಿಸಿ ಸಿಕ್ಕಿಬಿದ್ದ. ಜನ ಸದಕಾ ಎಂದು ಕೊಟ್ಟದ್ದು ಅವನ ಖಾತೆಗೆ ಹೋಗುತ್ತಿತ್ತು. ಅಮೆರಿಕದ ಟೆಕ್ಸಸ್‌ನ ನಗರಗಳಲ್ಲಿ ಪಾರ್ಕಿಂಗ್ ಯಂತ್ರಗಳ ಮೇಲೂ ಹೀಗೆಯೇ ನಕಲಿ ಕೋಡ್ ಪತ್ತೆಯಾಗಿತ್ತು.

ಅಂಗಡಿಯವರು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಂದು ರೂಪಾಯಿ ಹಾಕಿ ನೋಡುವ ಅಭ್ಯಾಸ ಮಾಡಿಕೊಳ್ಳಲಿ. ರಾತ್ರಿ ಕೋಡಿನ ಫಲಕ ಒಳಗಿಡಲಿ. ಜಮಾಅತ್ ಸಮಿತಿಗಳು ದೇಣಿಗೆ ಕೋಡನ್ನು ಸಂಸ್ಥೆಯ ಖಾತೆಗೇ ಮಾಡಿಸಿ, ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಬರಬೇಕೆಂದು ಅದರ ಕೆಳಗೆ ದೊಡ್ಡದಾಗಿ ಬರೆಸಲಿ. ಕೊಡುವವರು ಪಿನ್ ಒತ್ತುವ ಮೊದಲು ಆ ಹೆಸರನ್ನು ಓದಲಿ.

ಇನ್ನೊಂದು ಮಾತು ಮನೆಯ ಹಿರಿಯರಿಗೂ ಮಕ್ಕಳಿಗೂ ಹೇಳಿಕೊಡಬೇಕು. ಹಣ ಪಡೆಯಲು ಯಾವತ್ತೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ‘‘ನಿಮ್ಮ ಹಳೇ ಸೋಫಾ ನಾನು ತಗೊಳ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ, ಹಣ ಬರ್ತದೆ’’ ಎಂದರೆ ಅದು ಕಳ್ಳನೇ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿ ಕೈಗೆ ಸಿಗದಂತಾಗುತ್ತದೆ.

ಬಂದರಿನ ಹಳೇ ವ್ಯಾಪಾರಿಗಳು ನೋಟನ್ನು ಬೆಳಕಿಗೆ ಹಿಡಿದು ನೋಡಿಯೇ ಗಲ್ಲಾಕ್ಕೆ ಹಾಕುತ್ತಿದ್ದರು. ಅದು ಅನುಮಾನವಲ್ಲ, ಕಸುಬಿನ ಶಿಸ್ತು. ಈಗ ನೋಟಿನ ಜಾಗಕ್ಕೆ ಚೌಕ ಬಂದಿದೆ. ಬೆಳಕಿಗೆ ಹಿಡಿದರೆ ಅದರಲ್ಲಿ ಏನೂ ಕಾಣುವುದಿಲ್ಲ. ಅದರ ಬದಲು ಪರದೆಯ ಮೇಲೆ ಬರುವ ಹೆಸರನ್ನು ಒಮ್ಮೆ ಓದಬೇಕು, ಅಷ್ಟೇ.